ಹಗೇವಿಗೆ ದೀಪ ಬೇಡ ಎಂದವನು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಭಾನುವಾರ. ಕಲ್ಲೇಶ ನೆಲದೊಳಗಿನ ಹಗೇವಿನ ಏಣಿಯ ಮೇಲೆ ಮೊದಲ ಕಾಲಿಟ್ಟಾಗ ನಾನು ಗಡಿಯಾರ ನೋಡಿಕೊಂಡಿದ್ದೆ. ರುಚಿ ನೋಡುವ ಮುಂಚೆ ಹೊತ್ತು ಬರೆದಿಡುವುದು ನನ್ನ ಅಭ್ಯಾಸ. ಅಂದು ಆ ಹಗೇವಿಗೆ ದೀಪ ಇಳಿಬಿಟ್ಟಿರಲಿಲ್ಲ. ಇಳಿಬಿಡುವುದು ಬೇಡ ಎಂದು ಹೇಳಿದ್ದವನು ನಾನು. ಆಮೇಲೆ ಎರಡು ವರ್ಷ ಆ ತಪ್ಪನ್ನು ಎಪ್ಪತ್ತು ದಾಟಿದ ಮುದುಕರೊಬ್ಬರ ತಲೆಗೆ ಕಟ್ಟಿ, ಅವರ ಸ್ವಂತ ಮಗಳು ಅವರೊಡನೆ ಮಾತು ಬಿಟ್ಟದ್ದನ್ನು ನೋಡುತ್ತ ಸುಮ್ಮನೆ ಕೂತವನೂ ನಾನೇ.

ನಾನು ಕಡೂರಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಇದನ್ನು ಮೊದಲೇ ಹೇಳಿಬಿಡಬೇಕು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ರಜೆಯ ದಿನಗಳಲ್ಲಿ ನನಗೊಂದು ಹುಚ್ಚಿತ್ತು. ದೊಡ್ಡ ಕಾರ್ಖಾನೆಯದಲ್ಲದ, ಸಣ್ಣ ಜಾಗಗಳಲ್ಲಿ ಒಬ್ಬಿಬ್ಬರು ಕೈಯಾರೆ ಮಾಡುವ ಬಿಯರುಗಳನ್ನು, ಅದರಲ್ಲೂ ಏಲ್ ಎನ್ನುವ ಬಗೆಯನ್ನು, ರುಚಿ ನೋಡಿ ಅಂಕ ಕೊಡುವುದು. ತರೀಕೆರೆಯ ಔಷಧಿ ಅಂಗಡಿಯವರೊಬ್ಬರು, ಅಜ್ಜಂಪುರದ ಎಂಜಿನಿಯರ್ ಒಬ್ಬರು, ನಾನು — ಮೂವರು ಸೇರಿ ಒಂದು ವೆಬ್ ಪುಟ ನಡೆಸುತ್ತಿದ್ದೆವು. ಬಣ್ಣ, ನೊರೆ, ವಾಸನೆ, ನಾಲಿಗೆಗೆ ಮೊದಲು ತಾಗುವುದು, ನುಂಗಿದ ಮೇಲೆ ಉಳಿಯುವುದು. ಎಲ್ಲ ಕೂಡಿಸಿ ಐದಕ್ಕೆ ಇಷ್ಟು. ಓದುವವರು ಹೆಚ್ಚಿರಲಿಲ್ಲ, ಓದುವವರು ಮಾತ್ರ ನಂಬುತ್ತಿದ್ದರು. ಬೇರೆಯವರಿಗೆ ಸಿಗದ ವಾಸನೆ ನನಗೆ ಸಿಗುತ್ತದೆ ಎಂಬ ಹೆಸರಿತ್ತು. ನಾಲಿಗೆ ಮೇಷ್ಟ್ರು ಎಂದು ಕರೆಯುತ್ತಿದ್ದರು. ಆ ಹೆಸರು ನನಗೆ ಇಷ್ಟವಾಗಿತ್ತು — ಎಷ್ಟು ಇಷ್ಟವಾಗಿತ್ತು ಎಂಬುದೇ ಈ ಬರಹದ ಅರ್ಧ.

ಕಲ್ಲೇಶ ನನ್ನ ಬಿಎಸ್ಸಿ ಸಹಪಾಠಿ. ಮೈಸೂರಿನಲ್ಲಿ ಬಿಯರ್ ತಯಾರಿಸುವ ಒಂದು ಕಡೆ ಹತ್ತು ವರ್ಷ ಕೆಲಸ ಮಾಡಿ, ಸಿಂಗಟಗೆರೆಯಾಚೆಯ ಹೆಂಡತಿಯ ಊರಿಗೆ ಬಂದು ನೆಲೆಸಿದ್ದ. ಮೊಳಕೆ ರಾಗಿಯ ಏಲ್ ಮಾಡಬೇಕೆಂಬುದು ಅವನ ಕನಸು. ಲೈಸೆನ್ಸಿಗೆ ಓಡಾಡುತ್ತಿದ್ದ, ಬರುವ ತನಕ ಮಾರುವಂತಿಲ್ಲ, ನಮ್ಮಂಥ ನಾಲ್ಕು ಜನಕ್ಕೆ ರುಚಿ ತೋರಿಸಲಿಕ್ಕೆ ಮಾತ್ರ. ಏಲ್ ಹುದುಗಲು ಒಂದೇ ಹದದ ತಂಪು ಬೇಕು. ಅದಕ್ಕೆ ಅವನು ಯಂತ್ರ ಕೊಳ್ಳಲಿಲ್ಲ. ಮಾವನ ಮನೆಯ ಹಿತ್ತಲಲ್ಲಿ ಹಗೇವಿತ್ತು.

ಹಗೇವು ನೋಡದವರಿಗೆ ಹೇಳುತ್ತೇನೆ — ಹಿಂದಿನವರು ವರ್ಷಗಟ್ಟಲೆ ರಾಗಿ ಕೆಡದಂತೆ ತುಂಬಿಡಲು ಗಟ್ಟಿ ನೆಲದಲ್ಲಿ ತೋಡಿದ ಗುಳಿ. ಬಾಯಿ ಕಿರಿದು, ಹೊಟ್ಟೆ ಅಗಲ, ಹೂಜಿಯ ಹಾಗೆ. ಮೇಲೆ ಕಲ್ಲುಚಪ್ಪಡಿ. ಕಲ್ಲೇಶ ಬಾಯಿಯನ್ನು ಸ್ವಲ್ಪ ಅಗಲಿಸಿ ಕಬ್ಬಿಣದ ಏಣಿ ಇಳಿಸಿದ. ತಳದಲ್ಲಿ ಸುತ್ತಲೂ ಹನ್ನೆರಡು ಪೀಪಾಯಿ. ಒಳಗಿನ ಗಾಳಿ ಹೊರಹೋಗಲು ಪ್ರತಿ ಪೀಪಾಯಿಯ ಮುಚ್ಚಳಕ್ಕೂ ನೀರು ತುಂಬಿದ ಒಂದು ಕೊಳವೆ. ಏಲ್ ಹುದುಗುವಾಗ ಆ ಹನ್ನೆರಡೂ ಕೊಳವೆಗಳು ಗುಳುಗುಳು ಎನ್ನುತ್ತಿದ್ದವು. ಮೇಲೆ ನಿಂತು ಕೇಳಿದರೆ ಯಾವುದೋ ಮನೆಯಲ್ಲಿ ಹತ್ತಾರು ಜನ ಕೂತು, ನಮಗೆ ಕೇಳಿಸದಂತೆ, ನಮ್ಮ ವಿಷಯವನ್ನೇ ಮಾತಾಡುತ್ತಿರುವ ಹಾಗಿರುತ್ತಿತ್ತು.

ಮಾವ ನಿಂಗಪ್ಪನವರಿಗೆ ಅದರಲ್ಲಿ ಇದ್ದ ಕೆಲಸ ಒಂದೇ. ಮುಚ್ಚಿದ ಹಗೇವಿಗೆ ನಮ್ಮ ಕಡೆ ಯಾರೂ ನೇರ ಇಳಿಯುವುದಿಲ್ಲ. ಚಪ್ಪಡಿ ಸರಿಸಿ, ಲಾಟೀನು ಹೊತ್ತಿಸಿ, ಹಗ್ಗಕ್ಕೆ ಕಟ್ಟಿ ತಳದವರೆಗೆ ಬಿಡಬೇಕು. ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು. ಆರಿದ ದಿನ ನಿಂಗಪ್ಪನವರು ಹಗೇವಿಗೆ ಇನ್ನೂ ಉಸಿರು ಬಂದಿಲ್ಲ ಎನ್ನುತ್ತಿದ್ದರು. ಹೊಂಗೆಸೊಪ್ಪಿನ ಹೊರೆಯೊಂದನ್ನು ಹಗ್ಗಕ್ಕೆ ಕಟ್ಟಿ, ಬಾವಿಯಲ್ಲಿ ಕೊಡ ಆಡಿಸಿದ ಹಾಗೆ ಕೆಳಗೆ ಮೇಲೆ ಆಡಿಸಿ, ಒಳಗಿನ ಗಾಳಿ ಕಲಕಿ, ಮತ್ತೆ ದೀಪ ಬಿಟ್ಟು ನೋಡುತ್ತಿದ್ದರು. ಸೀಮೆಎಣ್ಣೆ ಸಿಗುವುದೇ ಕಷ್ಟವಾದ ಈ ಕಾಲದಲ್ಲೂ ಆ ಒಂದು ಲಾಟೀನಿಗಾಗಿ ಡಬ್ಬದಲ್ಲಿ ಕೂಡಿಟ್ಟಿದ್ದರು. ನಾನು ಅದನ್ನು ನೋಡಿ ನಗುತ್ತಿದ್ದೆ. ಗೌರವದಿಂದಲೇ, ಆದರೆ ನಗುತ್ತಿದ್ದೆ.

ಕೆಮ್ಮಣ್ಣುಗುಂಡಿ ದಾರಿಯಲ್ಲಿ ರೆಸಾರ್ಟ್ ಇಟ್ಟಿದ್ದ ಒಬ್ಬರು ಕಲ್ಲೇಶನಿಗೆ ಮಾತು ಕೊಟ್ಟಿದ್ದರು: ನಮ್ಮ ಪುಟದಲ್ಲಿ ನಾಲ್ಕೂವರೆ ಬಂದರೆ, ಲೈಸೆನ್ಸ್ ಆದ ಕೂಡಲೇ ಅವನ ಏಲನ್ನು ತಾವೇ ತೆಗೆದುಕೊಳ್ಳುವುದಾಗಿ. ಆ ವಾರ ನಾವು ಮೂವರೂ ರುಚಿ ನೋಡಿದೆವು. ಒಳ್ಳೆಯ ಏಲ್. ಸುಟ್ಟ ರಾಗಿಯ ಘಮ, ಹಿಂದೆ ಏಲಕ್ಕಿ ಬಾಳೆಹಣ್ಣಿನದು, ನುಂಗಿದ ಮೇಲೆ ಹದವಾದ ಕಹಿ. ಉಳಿದಿಬ್ಬರು ನಾಲ್ಕೂವರೆ ಎಂದರು. ನಾನು ಲೋಟವನ್ನು ಮತ್ತೊಮ್ಮೆ ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು — ಕೊನೆಯಲ್ಲಿ ತೆಳುವಾಗಿ ಸೀಮೆಎಣ್ಣೆ ಇದೆ ಎಂದೆ. ಅವರಿಬ್ಬರೂ ಮತ್ತೆ ಮೂಸಿದರು. ಇರಬಹುದು ಎಂದರು. ನಾನು ನಾಲ್ಕು ಕೊಟ್ಟೆ, ಅವರೂ ಅದಕ್ಕೇ ಇಳಿದರು. ಪುಟದಲ್ಲಿ ಬರೆದೆ: ಹಗೇವಿಗೆ ಬಿಡುವ ಲಾಟೀನಿನ ಹೊಗೆ ಏಲಿಗೆ ತಾಗಿದೆ, ಅರ್ಧ ಅಂಕ ಕಳೆದಿದ್ದೇನೆ.

ಆ ವಾಸನೆ ನಿಜವಾಗಿ ಇತ್ತೇ? ಇತ್ತು ಎಂದು ನಾನು ಆಗ ನಂಬಿದ್ದೆ. ಈಗ — ಅಂದು ದಾರಿಯಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸಿಕೊಂಡಿದ್ದೆ, ಮುಚ್ಚಳ ನಾನೇ ತೆಗೆದಿದ್ದೆ. ನನ್ನ ಬೆರಳಿನ ವಾಸನೆಯನ್ನೇ ನಾನು ಅವನ ಏಲಿನಲ್ಲಿ ಮೂಸಿದೆನೋ ಏನೋ. ಇದು ನನಗೆ ಎಂದೂ ಗೊತ್ತಾಗುವುದಿಲ್ಲ.

ಮಾರನೆಯ ದಿನ ಕಲ್ಲೇಶ ಫೋನ್ ಮಾಡಿದ.

"ಲೋ ಮೇಷ್ಟ್ರೇ, ಅರ್ಧ ಅಂಕಕ್ಕೆ ಕುತ್ತಿಗೆ ಕುಯ್ದೆಯಲ್ಲೋ. ನಿನ್ ನಾಲಿಗೆಗಿಷ್ಟು ಬೆಂಕಿ ಹಾಕ."

ಇಬ್ಬರೂ ನಕ್ಕೆವು. ಆಮೇಲೆ ಅವನ ದನಿ ಬದಲಾಯಿತು.

"ದೀಪ ಬಿಡ್ದೆ ಇಳಿದ್ರೆ ನಡೆಯುತ್ತಾ? ನೀನೇ ಹೇಳು, ಕೆಮಿಸ್ಟ್ರಿಯೋನು ನೀನು. ನಮ್ಮಾವ ಒಪ್ಪಲ್ಲ ಕಣೋ. ದೀಪ ಇಲ್ಲ ಅಂದ್ರೆ ಆವಯ್ಯ ಅವತ್ತು ಊಟಾನೇ ಮಾಡಲ್ಲ."

"ಬಾಯಿ ಅಗಲ ಮಾಡ್ಸಿದ್ದೀಯಲ್ಲ, ಗಾಳಿ ಆಡುತ್ತೆ," ಎಂದೆ ನಾನು. "ದೀಪ ಬೇಡ ಬಿಡು. ಮೇಷ್ಟ್ರು ಹೇಳಿದ್ರು ಅನ್ನು, ಒಪ್ತಾರೆ."

ಇಷ್ಟೇ. ಅರ್ಧ ನಿಮಿಷದ ಮಾತು. ಹೀಗೆ ಹೇಳಿದ ವಾರವೇ ನಾನು ಪಿಯುಸಿ ಮಕ್ಕಳಿಗೆ ಪ್ರತಿವರ್ಷ ತೋರಿಸುವ ಪ್ರಯೋಗ ತೋರಿಸಿದ್ದೆ. ಗಾಜಿನ ಜಾಡಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ, ಕಣ್ಣಿಗೆ ಕಾಣದ ಅದನ್ನು ನೀರಿನ ಹಾಗೆ ಬಗ್ಗಿಸಿ ಉರಿಯುವ ಮೇಣದಬತ್ತಿಯ ಮೇಲೆ ಸುರಿದರೆ ಬತ್ತಿ ಆರುತ್ತದೆ. ಗಾಳಿಗಿಂತ ಭಾರ, ಆದ್ದರಿಂದ ಕೆಳಗೆ ಕೂರುತ್ತದೆ ಎಂದು ಬೋರ್ಡಿನ ಮೇಲೆ ಬರೆದಿದ್ದೆ. ಬಿಯರು ಹುದುಗುವಾಗ ಬರುವುದು ಅದೇ ಗಾಳಿ. ಹನ್ನೆರಡು ಪೀಪಾಯಿಗಳಿಂದ, ಹಗಲೂ ರಾತ್ರಿ, ಹೂಜಿಯ ಹೊಟ್ಟೆಯೊಳಕ್ಕೆ. ನನ್ನ ತಲೆಯಲ್ಲಿ ಇವೆರಡೂ ಇದ್ದವು. ಒಂದು ಇನ್ನೊಂದನ್ನು ಮುಟ್ಟಲಿಲ್ಲ.

ಮುಂದಿನ ಭಾನುವಾರ ಹೊಸ ಏಲಿನ ರುಚಿ ನೋಡಲು ನಾನೊಬ್ಬನೇ ಹೋದೆ. ಕಲ್ಲೇಶನ ಹೆಂಡತಿ ಗಿರಿಜ ನೆಂಟರ ಮನೆಗೆ ಕಡೂರಿಗೆ ಹೋಗಿದ್ದರು. ಆ ವಾರ ಮಾಡಿದ್ದು ಹೊಸ ಪಾಕ, ಹಿಂದಿನದಕ್ಕಿಂತ ಜೋರಾಗಿ ಹುದುಗುತ್ತಿತ್ತು. ಚಪ್ಪಡಿ ಎರಡು ದಿನದಿಂದ ತೆಗೆದಿರಲಿಲ್ಲ. ನಿಂಗಪ್ಪನವರು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ, ಹೊತ್ತಿಸದ ಲಾಟೀನನ್ನು ಪಕ್ಕಕ್ಕೆ ಸರಿಸಿಟ್ಟರು. ಚಪ್ಪಡಿ ಸರಿಸಿದಾಗ ಒಳಗಿನ ಸದ್ದು ಎಂದಿಗಿಂತ ಹೆಚ್ಚಾಗಿ ಬಂತು. ಅಂಚಿನ ಬಳಿ ಓಡಾಡುತ್ತಿದ್ದ ಮನೆಯ ಬೆಕ್ಕು ಬಗ್ಗಿ ಒಮ್ಮೆ ಮೂಸಿ, ಬಾಲ ಇಳಿಸಿ, ಹಿಂದಕ್ಕೆ ಹಿಂದಕ್ಕೇ ನಡೆದು ಹೋಯಿತು. ನಾನು ಅದನ್ನು ನೋಡಿದೆ. ನೋಡಿ — ಏನೂ ಅಂದುಕೊಳ್ಳಲಿಲ್ಲ.

ಹತ್ತು ನಲವತ್ತಕ್ಕೆ ಕಲ್ಲೇಶ ಸ್ಟೀಲಿನ ಜಗ್ಗು ಹಿಡಿದು ಇಳಿದ. ಇಳಿಯುತ್ತ ಏನೋ ತಮಾಷೆ ಮಾಡುತ್ತಿದ್ದ. ಈ ಸಲ ನಾಲ್ಕೂವರೆ ಕೊಡದಿದ್ದರೆ ನನ್ನನ್ನೂ ಪೀಪಾಯಿಗೆ ಹಾಕಿ ಹುದುಗಿಸುವುದಾಗಿ. ಮಾತು ಅರ್ಧಕ್ಕೆ ನಿಂತಿತು. ಕೂಗಲಿಲ್ಲ. ಕೆಮ್ಮಲಿಲ್ಲ. ಕೊನೆಯ ಮೆಟ್ಟಿಲಿನಿಂದ ಕೈ ಬಿಟ್ಟು, ಸುಸ್ತಾದವರು ಕೂರುವ ಹಾಗೆ ಮೆಲ್ಲಗೆ ಕೂತು, ಹಾಗೇ ಮಗ್ಗುಲಾದ. ಮುಖ ಮೇಲಕ್ಕಿತ್ತು. ಕಣ್ಣು ತೆರೆದಿತ್ತು. ನನ್ನನ್ನೇ ನೋಡುತ್ತಿದ್ದಾನೆ ಎನಿಸಿತು. ತುಟಿಯಲ್ಲಿ ಆ ತಮಾಷೆಯ ನಗು ಹಾಗೇ ಇತ್ತು. ಅವನ ಸುತ್ತ ಹನ್ನೆರಡು ಕೊಳವೆಗಳು ತಮ್ಮ ಪಾಡಿಗೆ ಮಾತಾಡುತ್ತಲೇ ಇದ್ದವು.

ನಾನು ಏಣಿಗೆ ಕಾಲಿಟ್ಟೆ. ನಾಲ್ಕನೆಯ ಮೆಟ್ಟಿಲಿಗೆ ಮೂಗಿನೊಳಗೆ ಸೂಜಿ ಚುಚ್ಚಿದಂತೆ ಆಯಿತು, ಬಾಯಿ ಹುಳಿಯಾಯಿತು, ಮೊಣಕಾಲು ನನ್ನದಲ್ಲ ಎನಿಸಿತು. ಯಾರೋ ರಟ್ಟೆ ಹಿಡಿದು ಮೇಲಕ್ಕೆ ಎಳೆದರು. ನಿಂಗಪ್ಪನವರು. ನನ್ನನ್ನು ಪಕ್ಕಕ್ಕೆ ತಳ್ಳಿ, ಹಿತ್ತಲ ಹೊಂಗೆಯ ಕೊಂಬೆಗಳನ್ನು ಮುರಿದು ಹಗ್ಗಕ್ಕೆ ಬಿಗಿದು ಒಳಗೆ ಬಿಟ್ಟು ಆಡಿಸತೊಡಗಿದರು. ಕೆಳಗೆ, ಮೇಲೆ, ಕೆಳಗೆ, ಮೇಲೆ. ಅವರ ಎದೆಯ ಏದುಸಿರು ನನಗೆ ಇವತ್ತೂ ಕೇಳುತ್ತದೆ. ಊರವರನ್ನು ಕೂಗು ಎಂದರು, ಕೂಗಿದೆ. ನಾಲ್ಕು ಜನ ಬಂದರು. ಆಗ ಅವರು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಉಸಿರು ಹಿಡಿದು ತಾವೇ ಇಳಿದರು. ಎಪ್ಪತ್ತೆರಡು ವರ್ಷದವರು. ಕಲ್ಲೇಶನ ಕಂಕುಳಿಗೆ ಇನ್ನೊಂದು ಹಗ್ಗ ಬಿಗಿದು ಕೈ ಆಡಿಸಿದರು, ನಾವು ಎಳೆದೆವು. ನಾನು ಹಗ್ಗದ ಕೊನೆಯಲ್ಲಿದ್ದೆ. ಎಲ್ಲರ ಹಿಂದೆ.

ಕಡೂರಿಗೆ, ಅಲ್ಲಿಂದ ಶಿವಮೊಗ್ಗಕ್ಕೆ. ಉಸಿರು ಉಳಿಯಿತು. ನೆನಪು, ಬುದ್ಧಿ ಎಷ್ಟು ಉಳಿಯುತ್ತದೆಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ಸಂಜೆ ಆಸ್ಪತ್ರೆಯ ಕಾರಿಡಾರಿನಲ್ಲಿ ಗಿರಿಜ ತಂದೆಯನ್ನು ಕೇಳಿದರು.

"ಅಪ್ಪಾ, ದೀಪ ಬಿಟ್ಟಿದ್ಯಾ?"

"ಇಲ್ಲ ಕಣವ್ವ."

"ಯಾಕೆ?"

ನಿಂಗಪ್ಪನವರು ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಆಗ ನಾನು ಒಂದು ಮಾತು ಹೇಳಬಹುದಿತ್ತು. ಹೇಳಿದೆ —

"ವಯಸ್ಸಾಯ್ತಲ್ಲಮ್ಮ. ಮರ್ತಿರ್ತಾರೆ, ಬಿಡಿ."

ಸಮಾಧಾನದ ದನಿಯಲ್ಲಿ ಹೇಳಿದೆ. ಅವರ ಪರ ವಹಿಸಿದವನ ಹಾಗೆ. ಗಿರಿಜ ನನ್ನನ್ನು ನೋಡಿದರು, ತಂದೆಯನ್ನು ನೋಡಿದರು, ಆಮೇಲೆ ಅವರ ಮುಖ ತಂದೆಯ ಕಡೆಗೆ ಮತ್ತೆ ತಿರುಗಲಿಲ್ಲ. ನಾನು ಕಾರಿಡಾರಿನ ತುದಿಗೆ ಹೋಗಿ, ಕಿಟಕಿಯ ಬಳಿ ನಿಂತು, ಫೋನ್ ತೆಗೆದು ನಮ್ಮ ಪುಟದಲ್ಲಿ ಲಾಟೀನಿನ ಸಾಲನ್ನು ಅಳಿಸಿದೆ. ಅಂಕವನ್ನು ನಾಲ್ಕೂವರೆ ಮಾಡಿದೆ. ಒಳಗೆ ಅವನಿಗೆ ಕೊಳವೆಯಿಂದ ಉಸಿರು ಕೊಡುತ್ತಿದ್ದರು.

ಕಲ್ಲೇಶ ಬದುಕಿದ. ನಡೆಯುತ್ತಾನೆ, ಉಣ್ಣುತ್ತಾನೆ, ನನ್ನ ಹೆಸರು ಹಿಡಿದು ಕರೆಯುತ್ತಾನೆ. ಆದರೆ ಆ ವರ್ಷದ ನೆನಪು ಅವನಲ್ಲಿಲ್ಲ. ಇವತ್ತಿನದು ನಾಳೆಗೆ ಉಳಿಯುವುದೂ ಇಲ್ಲ. ವಾಸನೆ ಯಾವುದೂ ತಿಳಿಯುವುದಿಲ್ಲ. ಒಂದು ಮಾತ್ರ ಉಳಿದಿದೆ. ಊಟದ ನಡುವೆ ತುತ್ತು ಹಿಡಿದುಕೊಂಡೇ ಒಮ್ಮೊಮ್ಮೆ ನಿಂತು, ಕೆಳಗೆ ಜನ ಮಾತಾಡ್ತಾ ಇದ್ರು, ನಿಂಗೆ ಕೇಳಿಸ್ತಾ ಎಂದು ಕೇಳುತ್ತಾನೆ. ಏನು ಮಾತಾಡುತ್ತಿದ್ದರು ಎಂದರೆ ಹೇಳುವುದಿಲ್ಲ. ನನ್ನನ್ನೇ ನೋಡುತ್ತ ನಗುತ್ತಾನೆ. ಅದೇ ನಗು.

ದೀಪದ ಬಗ್ಗೆ ನಾವು ಫೋನಿನಲ್ಲಿ ಆಡಿದ ಮಾತೂ ಅವನ ನೆನಪಿನಿಂದ ಹೋಗಿತ್ತು. ಇದು ಗೊತ್ತಾದ ದಿನ ನನಗಾದದ್ದು ದುಃಖವಲ್ಲ. ಹಗುರವಾಯಿತು. ಇದನ್ನು ಬರೆಯಲೇಬೇಕು: ಹಗುರವಾಯಿತು.

ಪ್ರತಿ ಭಾನುವಾರ ಅವನನ್ನು ನೋಡಲು ಹೋಗುತ್ತಿದ್ದೆ. ಒಳ್ಳೆಯ ಗೆಳೆಯ ಎಂದು ಊರು ಹೊಗಳುತ್ತಿತ್ತು. ನಿಂಗಪ್ಪನವರು ಮನೆ ಬಿಟ್ಟು ತೋಟದ ಮೋಟಾರು ಮನೆಯಲ್ಲಿ ಮಲಗತೊಡಗಿದ್ದರು. ಊಟದ ಹೊತ್ತಿಗೆ ಬಂದು ಜಗಲಿಯ ಮೇಲೆ ಕೂರುವರು. ಗಿರಿಜ ತಟ್ಟೆ ತಂದು ಇಟ್ಟು ಒಳಗೆ ಹೋಗುವರು. ಇನ್ನಷ್ಟು ಬೇಕೇ ಎಂದು ಕೇಳಬೇಕಾದರೆ ನೆನಪಿಲ್ಲದ ಗಂಡನ ಕೈಯಲ್ಲಿ ಕೇಳಿಸುವರು. ಅವನು ಜಗಲಿಗೆ ಬರುವಷ್ಟರಲ್ಲಿ ಕೇಳಬೇಕಾದದ್ದು ಮರೆತು ಸುಮ್ಮನೆ ಮಾವನ ಪಕ್ಕ ಕೂರುವನು. ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಎರಡು ವರ್ಷ.

ನಿದ್ದೆಯ ವಿಷಯ. ನೆಲದ ಮೇಲೆ ಹಾಸಿಕೊಂಡು ಮಲಗುವುದು ನನ್ನಿಂದಾಗದೆ ಮಂಚ ತರಿಸಿದೆ. ನಡುರಾತ್ರಿ ಎಚ್ಚರವಾದರೆ ಕೋಣೆಯ ತಳದಲ್ಲಿ ಏನೋ ಕೂತಿದೆ, ತುಂಬುತ್ತಿದೆ, ಮಂಚದ ಮಟ್ಟಕ್ಕೆ ಬರುತ್ತಿದೆ ಎನಿಸುವುದು. ಬೆಂಕಿಕಡ್ಡಿ ಗೀರಿ ಕೈಯನ್ನು ನೆಲದವರೆಗೆ ಇಳಿಸಿ, ಉರಿಯುತ್ತದೆಯೇ ಎಂದು ನೋಡುತ್ತಿದ್ದೆ. ಬೆಳಿಗ್ಗೆ ಹೆಂಡತಿ ಮಂಚದ ಕೆಳಗಿನಿಂದ ಕಡ್ಡಿಗಳನ್ನು ಗುಡಿಸುವಳು. ಕೇಳಿದಳು, ನಾನು ಹೇಳಲಿಲ್ಲ. ಆಮೇಲೆ ಕೇಳುವುದನ್ನು ಬಿಟ್ಟಳು.

ಈ ವರ್ಷವೂ ತರಗತಿಯಲ್ಲಿ ಆ ಪ್ರಯೋಗದ ದಿನ ಬಂತು. ಜಾಡಿ ಬಗ್ಗಿಸಿದೆ, ಬತ್ತಿ ಆರಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ನಮ್ಮಜ್ಜಿ ಹಗೇವಿಗೆ ದೀಪ ಬಿಡೋರಂತೆ. ಅದೂ ಇದಕ್ಕೇನಾ?"

ಇದಕ್ಕೇ ಎಂದೆ. ಅಷ್ಟು ಹೇಳಿ ಮುಂದಿನ ವಾಕ್ಯಕ್ಕೆ ಹೋಗಲು ನೋಡಿದೆ. ಆಗಲಿಲ್ಲ. ಬೋರ್ಡಿನ ಕಡೆ ತಿರುಗಿ ನಿಂತೆ. ಶಾಲೆಗೆ ಹೋಗದ ಅಜ್ಜಿಗೆ ಗೊತ್ತಿದ್ದದ್ದು — ಹದಿನಾರರ ಹುಡುಗಿ ಒಂದು ಗಳಿಗೆಯಲ್ಲಿ ಕೂಡಿಸಿದ್ದು —

ಅಂದೇ ಮಧ್ಯಾಹ್ನ ರಜೆ ಬರೆದು ಕೊಟ್ಟು ಕಲ್ಲೇಶನ ಮನೆಗೆ ಹೊರಟೆ. ಗಿರಿಜ ಜಗಲಿಯಲ್ಲಿ ತಂದೆಯ ತಟ್ಟೆ ಇಟ್ಟು ಒಳಹೋಗುತ್ತಿದ್ದರು. ನಿಂತುಕೊಳ್ಳಿ ಎಂದು ಕೇಳಿಕೊಂಡೆ. ಇಬ್ಬರ ಮುಂದೆಯೂ, ಕಲ್ಲೇಶನ ಮುಂದೆಯೂ ಎಲ್ಲವನ್ನೂ ಹೇಳಿದೆ. ಫೋನಿನ ಮಾತು, ಆಸ್ಪತ್ರೆಯಲ್ಲಿ ನಾನು ಅಂದದ್ದು, ಅಳಿಸಿದ ಸಾಲು. ಗಿರಿಜ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. ನಿಂಗಪ್ಪನವರು ಮುದ್ದೆ ಮುರಿದ ಕೈಯನ್ನು ತಟ್ಟೆಯ ಮೇಲೆ ಹಿಡಿದು ಕೊನೆಯವರೆಗೆ ಕೇಳಿಸಿಕೊಂಡರು, ಆಮೇಲೆ ನುಡಿದರು.

"ಗೊತ್ತಿತ್ತು ಮೇಷ್ಟ್ರೇ. ನೀವಂದಿದ್ದು ಅಂತ ಇವ್ನು ಅವತ್ತೇ ಹೇಳಿದ್ದ."

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ, ಗಿರಿಜ ಕೇಳಿದರು. ಎರಡು ವರ್ಷದ ಮೇಲೆ ಅವರು ತಂದೆಯನ್ನು ನೇರ ಕೇಳಿದ ಮೊದಲ ಮಾತು ಅದು.

"ಆಸ್ಪತ್ರೇಲಿ ಅವರೇ ಹೇಳ್ತಾರೆ ಅಂತ ಕಾದೆ," ಎಂದರು ಮುದುಕರು. "ಆಮೇಲೆ ನಾನು ಹೇಳಿದ್ರೆ ಇವ್ರು ಬರೋದು ಬಿಡ್ತಿದ್ರು. ವಾರಕ್ಕೊಂದಪ ಇವ್ರು ಬಂದಾಗ್ಲೇ ಕಣವ್ವ ನಿನ್ ಗಂಡ ನಗಾಡೋದು."

ಕಲ್ಲೇಶ ತನ್ನ ವಿಷಯ ಬಂತೆಂದು ತಲೆ ಎತ್ತಿ, ನನ್ನನ್ನು ಆಗತಾನೇ ಕಂಡವನಂತೆ, ಈ ಸಲ ಎಷ್ಟು ಕೊಡ್ತೀಯೋ ಎಂದ.

ಗಿರಿಜ ಅಳಲಿಲ್ಲ, ಕೂಗಾಡಲಿಲ್ಲ. "ಎರಡು ವರ್ಷ ಅಪ್ಪಂಗೆ ಮುಖ ನೋಡದೆ ಅನ್ನ ಇಕ್ಕಿದೀನಿ, ಸಾರ್," ಎಂದರು. ಚೌಕಟ್ಟಿನಿಂದ ಕೈ ತೆಗೆದು, "ಇನ್ನು ಈ ಮನೆಗೆ ಬರಬೇಡಿ."

ಹೋಗಲಿಲ್ಲ. ನಡೆದದ್ದನ್ನು ಪುಟದಲ್ಲಿ ನನ್ನ ಹೆಸರು ಹಾಕಿ ಬರೆದು, ಪುಟದ ಕೆಲಸ ಬಿಟ್ಟೆ. ನನ್ನ ಬದಲು ತರೀಕೆರೆಯ ಔಷಧಿ ಅಂಗಡಿಯವರು ಭಾನುವಾರ ಕಲ್ಲೇಶನ ಬಳಿ ಹೋಗುತ್ತಾರೆ, ನಾನೇ ಕೇಳಿಕೊಂಡೆ. ನನ್ನನ್ನು ಅವನು ವಿಚಾರಿಸುತ್ತಾನೆಯೇ ಎಂದು ಅವರನ್ನು ಕೇಳಿಲ್ಲ. ಹೇಳಿಬಿಟ್ಟರೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಆ ಮನೆಯಲ್ಲಿ ಆಮೇಲೆ ಏನಾಯಿತು, ನಾನು ಮುರಿದದ್ದು ನಾನು ಹೇಳಿದ್ದರಿಂದ ಕೂಡಿತೇ ಎಂದು ತಿಳಿಯುವ ದಾರಿ ಇರಲಿಲ್ಲ. ತಿಳಿಯುವ ಹಕ್ಕೂ.

ಎರಡು ತಿಂಗಳ ಮೇಲೆ ಒಂದು ಗುರುವಾರ, ಕಾಲೇಜು ಮುಗಿಸಿ ಕಡೂರಿನ ಬಸ್ ನಿಲ್ದಾಣದ ಕಡೆ ಬರುತ್ತಿದ್ದೆ. ಚಪ್ಪಲಿ ಅಂಗಡಿಯೊಂದರ ಮುಂದೆ ಹೆಂಗಸೊಬ್ಬರು ಜೋರಾಗಿ ಗದರುತ್ತಿದ್ದರು. ದನಿ ಗುರುತು ಸಿಕ್ಕಿ ಹೂವಿನವರ ಗಾಡಿಯ ಹಿಂದೆ ನಿಂತೆ.

"ಅಳತೆ ನೋಡ್ಕೊ ನೋಡ್ಕೊ ಅಂತ ಎಷ್ಟ್ ಸಲ ಹೇಳೋದಪ್ಪಾ ನಿಂಗೆ. ಹೆಬ್ಬೆಟ್ಟು ಆಚೆಗೇ ಬಂದೈತಲ್ಲ."

"ಬಿಡೇ, ನಡೀತಾ ನಡೀತಾ ಸರಿ ಹೋಯ್ತದೆ."

"ಏನ್ ಸರಿ ಹೋಗೋದು, ಕಾಲೋ ಚಪ್ಪಲಿನೋ? ಬಿಚ್ಚು ಮೊದ್ಲು."

ನಿಂಗಪ್ಪನವರು ಮಗಳ ಭುಜ ಹಿಡಿದುಕೊಂಡು ಒಂಟಿಕಾಲಲ್ಲಿ ನಿಂತರು. ಗಿರಿಜ ಬಗ್ಗಿ, ಇನ್ನೂ ಬೈಯುತ್ತಲೇ, ಬೇರೆ ಜೊತೆ ತೊಡಿಸುತ್ತಿದ್ದರು. ಅವರ ಕಣ್ಣಿಗೆ ಬೀಳದಂತೆ ಹಿಂದಿನ ಬೀದಿ ಹಿಡಿದು ಮನೆಗೆ ನಡೆದೆ. ಹೆಂಡತಿಯನ್ನು ಕೂರಿಸಿ, ಅಲ್ಲಿವರೆಗೆ ಅವಳಿಗೆ ಹೇಳದೆ ಉಳಿಸಿಕೊಂಡಿದ್ದಷ್ಟನ್ನೂ ಹೇಳಿದೆ.

ಹತ್ತಕ್ಕೆ ಮಲಗಿದೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಹೆಂಡತಿ ಮಂಚದ ಅಂಚಿನಲ್ಲಿ ಕೂತು ನನ್ನ ಮೂಗಿನ ಬಳಿ ಬೆರಳು ಹಿಡಿದಿದ್ದಳು. ಎಷ್ಟೋ ಹೊತ್ತಿನಿಂದ ಮಗ್ಗುಲೇ ಬದಲಿಸಲಿಲ್ಲವಲ್ಲ, ಅದಕ್ಕೇ ನೋಡಿದೆ, ಎಂದಳು.